ಪೆಟ್ಟಿಲ್ಲದ ಕಾರು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಈ ವ್ಯತ್ಯಾಸವನ್ನು ಅವರ ಮುಂದೆ ಎತ್ತುವ ಎದೆಗಾರಿಕೆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. "ಶಾಲೆ ಮೇಷ್ಟ್ರು ಸರಿಯಾಗಿ ಕಲಿಸದಿದ್ರೆ ಹುಡುಗ ಫೇಲಾಗ್ತಾನೆ, ಅಷ್ಟೇ. ನಾನು ಸರಿಯಾಗಿ ಕಲಿಸದಿದ್ರೆ ಹುಡುಗನೇ ಇರಲ್ಲ," ಎಂದು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ಆಗಿನ್ನೂ ನಗಬಹುದಿತ್ತು.

ಅವರ ಡ್ರೈವಿಂಗ್ ಸ್ಕೂಲೆಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ಒಂದು ಬಿಳಿ ಕಾರು. ಕಾರಿನ ನೆತ್ತಿಯ ಬೋರ್ಡಿನಲ್ಲಿ ಮೇಷ್ಟ್ರೇ ಕೂತು ಹೊಸೆದ ಸಾಲು: 'ತಪ್ಪಿಲ್ಲದ ಕಲಿಕೆ, ಪೆಟ್ಟಿಲ್ಲದ ಕಾರು'. ದಿನಾ ಬೆಳಿಗ್ಗೆ ಕಾರನ್ನು ಎಷ್ಟು ಫಳಫಳ ಒರೆಸುತ್ತಿದ್ದರೆಂದರೆ, ಪಕ್ಕದ ಅಂಗಡಿಯವನು ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದ.

ಎದುರು ಸಾಲಿನಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲಿತ್ತು. ಅಲ್ಲಿನ ಕಾರಿನ ಮೈಮೇಲೆ ನೆಗ್ಗದ ಜಾಗ ಹುಡುಕಬೇಕಿತ್ತು. ಅದರ ಯಜಮಾನನಿಗೆ ಜಜ್ಜಣ್ಣ ಎಂದು ಹೆಸರಿಟ್ಟವರು ಮೇಷ್ಟ್ರೇ. ಬೀದಿಯ ಹಿಂದಿನ ಖಾಲಿ ಮೈದಾನದಲ್ಲಿ ಹಳೆಯ ಡ್ರಮ್ಮುಗಳನ್ನು ನಿಲ್ಲಿಸಿ, ಕಲಿಯುವವರು ಅವಕ್ಕೆ ಗುದ್ದುವವರೆಗೂ ಜಜ್ಜಣ್ಣ ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಿದ್ದ.

"ಗುದ್ದಲಿ ಬಿಡಿ ಮೇಷ್ಟ್ರೇ. ಆ ಸದ್ದು ಕಿವೀಲಿ ಉಳಿಯುತ್ತೆ," ಎನ್ನುತ್ತಿದ್ದ.

"ಅದು ಪಾಠ ಅಲ್ಲಯ್ಯಾ, ಪಾತ್ರೆ ರಿಪೇರಿ," ಎನ್ನುತ್ತಿದ್ದರು ಮೇಷ್ಟ್ರು.

ಮೇಷ್ಟ್ರ ವಿದ್ಯೆಯೆಲ್ಲ ಇದ್ದದ್ದು ಅವರ ಬಲಗಾಲಿನಲ್ಲಿ. ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ: ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಎರಡನೆಯದು ಅಪಾಯದ ಹೊತ್ತಿಗೆಂದು ಇಟ್ಟದ್ದು. ಮೇಷ್ಟ್ರು ಅದನ್ನೊಂದು ಕಲೆ ಮಾಡಿಕೊಂಡಿದ್ದರು. ಕಲಿಯುವವರ ಕಾಲು ಹೋಗಲೋ ಬೇಡವೋ ಎನ್ನುತ್ತಿರುವಾಗಲೇ ಇವರ ಬೂಟು ಮೆತ್ತಗೆ ಒತ್ತುತ್ತಿತ್ತು. ಕಾರು ಹೂವಿನ ಹಾಗೆ ನಿಲ್ಲುತ್ತಿತ್ತು. ನಿಲ್ಲಿಸಿದ್ದು ತಾವೇ ಎಂದುಕೊಂಡು ಕಲಿಯುವವರ ಎದೆ ಉಬ್ಬುತ್ತಿತ್ತು. "ಭೇಷ್! ಎಂಥಾ ಬ್ರೇಕು!" ಎಂದು ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಲೈಸೆನ್ಸ್ ಪರೀಕ್ಷೆಯ ದಿನವೂ ಅಷ್ಟೇ, ಇನ್ಸ್‌ಪೆಕ್ಟರು ಹಿಂದೆ, ಮೇಷ್ಟ್ರು ಮುಂದೆ. ನಿಜ ಹೇಳಬೇಕೆಂದರೆ ಊರಿನ ಅರ್ಧ ಜನರ ಪರೀಕ್ಷೆ ಪಾಸು ಮಾಡಿದ್ದು ಒಂದೇ ಬೂಟು.

"ಏನ್ ಮೇಷ್ಟ್ರೇ, ಬಲಗಾಲಿನ ಅಟ್ಟೆ ಮಾತ್ರ ಸವೆದಿದೆ. ಎಡಗಾಲಿಗೆ ರಜಾ ಕೊಟ್ಟಿದ್ದೀರಾ?" ಎಂದು ಮೂಲೆಯಲ್ಲಿ ಚಪ್ಪಲಿ ಹೊಲಿಯುವವನು ಕೇಳಿದ್ದ.

"ಅದು ವಿದ್ಯಾದಾನದಲ್ಲಿ ಸವೆದದ್ದು ಕಣಯ್ಯಾ," ಎಂದಿದ್ದರು ಮೇಷ್ಟ್ರು.

ಇದರಲ್ಲಿ ಮೋಸವಿದೆ ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕಲಿಯುವವರಿಗೆ ಭಯವಾಗಬಾರದು, ತಪ್ಪಾಗಬಾರದು, ಮನಸ್ಸು ಮುದುಡಬಾರದು. ಇದಕ್ಕಿಂತ ದೊಡ್ಡ ಕಲಿಸುವಿಕೆ ಇನ್ನೇನಿದೆ?

ಅಳಿಯ ಕಲಿತದ್ದೂ ಇದೇ ಕಾರಿನಲ್ಲಿ. ಬೇಕರಿಯೊಂದರಲ್ಲಿ ಅವನಿಗೆ ಬ್ರೆಡ್ಡಿನ ವ್ಯಾನು ಓಡಿಸುವ ಕೆಲಸ ಸಿಗುವುದಿತ್ತು. ಮೆದು ಮನುಷ್ಯ, ಸೊಳ್ಳೆ ಹೊಡೆಯುವ ಮೊದಲೂ ಒಂದು ಕ್ಷಣ ಯೋಚಿಸುತ್ತಿದ್ದ. ಆಸ್ಪತ್ರೆ ಇಳಿಜಾರಿನಲ್ಲಿ ಅವನ ಕಾಲು ಪ್ರತಿಸಲ ತಡವರಿಸಿತು, ಪ್ರತಿಸಲ ಕಾರು ಸರಿಯಾಗಿ ನಿಂತಿತು. "ಆ ಇಳಿಜಾರು ನಂಗೆ ನೀರು ಕುಡಿದಂಗೆ," ಎಂದು ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ. "ನನ್ನ ಶಿಷ್ಯ ಅಂದ್ರೆ ಸುಮ್ನೇನಾ?" ಎಂದರು ಮಾವ.

ಕೆಲಸಕ್ಕೆ ಸೇರಿದ ವಾರದಲ್ಲೇ, ಅದೇ ಇಳಿಜಾರಿನ ಬುಡದಲ್ಲಿ, ವ್ಯಾನು ಆಸ್ಪತ್ರೆಯ ಗೋಡೆಗೆ ಹೊಡೆಯಿತು. ಆಸ್ಪತ್ರೆ ಅಲ್ಲೇ ಇತ್ತು. ಒಳಗೆ ಎತ್ತಿಕೊಂಡು ಹೋಗುವಷ್ಟು ಹೊತ್ತು ಅವನು ಇರಲಿಲ್ಲ. ರಸ್ತೆ ತುಂಬ ಬ್ರೆಡ್ಡು ಬಿದ್ದಿತ್ತು.

ವ್ಯಾನು ಬಿಚ್ಚಿ ನೋಡಿದ ಮೆಕ್ಯಾನಿಕ್ಕು, "ಬ್ರೇಕು ಸರಿಯಾಗೇ ಇದೆ ಮೇಷ್ಟ್ರೇ. ತುಳಿದದ್ದು ತಡ ಆಗಿದೆ," ಎಂದ. ಮೇಷ್ಟ್ರು ಮನೆಗೆ ಬಂದು, "ಬ್ರೇಕ್ ಫೇಲ್," ಎಂದರು. ಒಮ್ಮೆ ಹೇಳಿದ ಮೇಲೆ ಅದನ್ನೇ ಹೇಳುತ್ತಿರಬೇಕಾಯಿತು. ಸಮಾಧಾನ ಹೇಳಲು ಬಂದವರ ಮುಂದೆಲ್ಲ ಹಾಳು ವ್ಯಾನಿಗೆ ಶಾಪ ಹಾಕಿದರು. ಹೇಳಿ ಹೇಳಿ ಅವರಿಗೇ ನಂಬಿಕೆ ಬಂತು. ಹಗಲು ಹೊತ್ತಿನಲ್ಲಂತೂ ಬಂತು.

ಮಗಳು ಬಟ್ಟೆಯ ಚೀಲ ಹಿಡಿದು ಅಪ್ಪನ ಮನೆಗೆ ಬಂದಳು. ಓಡಿಸಲು ಕಲಿತರೆ ಗಂಡನ ಕೆಲಸ ಅವಳಿಗೇ ಎಂದು ಬೇಕರಿಯವರು ದೊಡ್ಡ ಮನಸ್ಸು ಮಾಡಿದ್ದರು.

"ಅಪ್ಪಾ, ನಂಗೆ ಕಾರು ಕಲಿಸು."

"ನಿಂಗ್ಯಾಕೆ ಪುಟ್ಟಿ ಅದೆಲ್ಲ? ನಾನಿದ್ದೀನಲ್ಲ."

"ನೀನಿದ್ದೀಯ. ನಾನೂ ಇರ್ಬೇಕಲ್ಲ."

ಅವಳು ಬೇಗ ಕಲಿತಳು. ಒಂದು ಮಧ್ಯಾಹ್ನ ಮೇಷ್ಟ್ರು ಬೇಡವೆಂದರೂ ಕೇಳದೆ ಕಾರನ್ನು ಆಸ್ಪತ್ರೆಯ ಕಡೆ ತಿರುಗಿಸಿದಳು. "ಬ್ರೆಡ್ಡಿನ ವ್ಯಾನು ಹೋಗೋದು ಈ ರಸ್ತೇಲೇ ತಾನೆ? ಎಷ್ಟು ದಿನ ಸುತ್ತಿಕೊಂಡು ಹೋಗ್ಲಿ?" ಇಳಿಜಾರಿನ ಬುಡದಲ್ಲಿ ಗೋಡೆಗೆ ಹೊಸದಾಗಿ ಮೆತ್ತಿದ ಸಿಮೆಂಟು ಇನ್ನೂ ಬಣ್ಣ ಕಂಡಿರಲಿಲ್ಲ. ಅದು ಕಣ್ಣಿಗೆ ಬಿದ್ದದ್ದೇ ತಡ, ಮೇಷ್ಟ್ರ ಬಲಗಾಲು ತನ್ನ ಕೆಲಸ ತಾನು ಮಾಡಿತು. ಕಾರು ಹೂವಿನ ಹಾಗೆ ನಿಂತಿತು.

"ಭೇಷ್! ಎಂಥಾ..."

"ಅಪ್ಪಾ, ನಾನಿನ್ನೂ ತುಳಿದೇ ಇಲ್ಲ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಅವಳು ತನ್ನ ಕಾಲು ನೋಡಿಕೊಂಡಳು, ಆಮೇಲೆ ಅವರ ಬೂಟು ನೋಡಿದಳು. ಬೂಟು ಇನ್ನೂ ಒತ್ತಿಕೊಂಡೇ ಇತ್ತು.

"ಅವರಿಗೂ ಹೀಗೇನಾ?"

"ಪುಟ್ಟಿ, ಕಲಿಯೋರಿಗೆ ಧೈರ್ಯ ಬರ್ಲಿ ಅಂತ..."

"ಇಲ್ಲಿ? ಪ್ರತಿಸಲಾನೂ?"

ಮೇಷ್ಟ್ರು ಹ್ಯಾಂಡ್‌ಬ್ರೇಕು ಎಳೆದು, ಆಮೇಲೆ ಬೂಟನ್ನು ಹಿಂದಕ್ಕೆ ತೆಗೆದುಕೊಂಡರು.

"ಹಾಗಾದ್ರೆ ವ್ಯಾನಿನ ಬ್ರೇಕು?"

"ಸರಿಯಾಗೇ ಇತ್ತಂತೆ."

ಅವಳು ಎಂಜಿನ್ನು ನಿಲ್ಲಿಸಿ, ಬೀಗದ ಕೈಯನ್ನು ಅವರ ಮಡಿಲಲ್ಲಿಟ್ಟು, ಇಳಿದು, ಇಳಿಜಾರು ಹತ್ತಿಕೊಂಡು ನಡೆದೇ ಹೋದಳು. ಮಾರನೆಯ ದಿನ ಬೀದಿ ದಾಟಿ ಜಜ್ಜಣ್ಣನ ಸ್ಕೂಲಿಗೆ ಸೇರಿದಳು.

ಮನೆಯಲ್ಲಿ ಊಟ ಬಡಿಸಿಟ್ಟಿರುತ್ತಿತ್ತು, ಮಾತು ಇರುತ್ತಿರಲಿಲ್ಲ. ಹಗಲು ಮೈದಾನದಿಂದ ಢಣ್ ಎಂದು ಸದ್ದು ಬರುತ್ತಿತ್ತು. ಅದರಲ್ಲಿ ಮಗಳದ್ದು ಯಾವುದು, ಬೇರೆಯವರದ್ದು ಯಾವುದು ಎಂದು ತಿಳಿಯದೆ ಪ್ರತಿ ಸದ್ದಿಗೂ ಮೇಷ್ಟ್ರ ಬಲಗಾಲು ಮೇಜಿನಡಿಯ ನೆಲವನ್ನು ಒತ್ತುತ್ತಿತ್ತು.

ಜಜ್ಜಣ್ಣ ಬಂದು ಬಾಗಿಲಲ್ಲಿ ನಿಂತ. "ನಾನೇನೂ ಕರೀಲಿಲ್ಲ ಮೇಷ್ಟ್ರೇ, ಅವರೇ ಬಂದ್ರು."

"ಗೊತ್ತು. ಹೇಗೆ ಕಲೀತಿದ್ದಾಳೆ?"

"ಚೆನ್ನಾಗಿ ಗುದ್ದುತ್ತಾರೆ," ಎಂದ ಜಜ್ಜಣ್ಣ, ಅದನ್ನು ಹೊಗಳಿಕೆಯೆಂದೇ ತಿಳಿದು. "ಈಗೀಗ ಕಮ್ಮಿ ಆಗಿದೆ."

ಆ ವಾರ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದ ಹಲ್ಲಿನ ಡಾಕ್ಟರಮ್ಮನಿಗೆ ಪಾಠವಿತ್ತು. ಮೇಷ್ಟ್ರು ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಜಜ್ಜಣ್ಣನ ಡ್ರಮ್ಮೊಂದು ಹತ್ತಿರ ಬರುತ್ತಿದ್ದಂತೆ ಮೇಷ್ಟ್ರು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಯ್ಯೋ ಮೇಷ್ಟ್ರೇ, ಇದೇನು, ಊಟಕ್ಕೆ ಕೂತಂಗೆ! ಕಾಲು ಕೆಳಗಿಡಿ!"

"ಬ್ರೇಕು ನಿಮ್ಮ ಹತ್ರ ಇದೆ ಡಾಕ್ಟ್ರಮ್ಮ."

"ನಾನು ಹಲ್ಲು ಕೀಳುವಾಗ ಇಕ್ಕಳ ನಿಮ್ಮ ಕೈಗೆ ಕೊಡ್ತೀನಾ?"

ಢಣ್. ಬೋರ್ಡು ಅಲುಗಿತು. ನೆತ್ತಿಯ ಮೇಲೆ ಏನು ಬರೆಸಿದ್ದೀರಿ, ಓದಿಕೊಳ್ಳಿ ಎಂದು ಡಾಕ್ಟರಮ್ಮ ಜೋರು ಮಾಡಿದರು. ಆಮೇಲೆ ಹಟಕ್ಕೆ ಬಿದ್ದು ತಾವೇ ಕಾರು ಹಿಂದಕ್ಕೆ ತೆಗೆದು ಮತ್ತೆ ಹೋದರು. ಈ ಸಲ ಕಾರು ಡ್ರಮ್ಮಿಗೆ ಗೇಣು ಮುಂಚೆ ಕಿರ್ರೆಂದು ನಿಂತಿತು. ಅವರ ಎದೆ ಉಬ್ಬಿರಲಿಲ್ಲ. ಮುಖ ಬಿಳಿಚಿತ್ತು. ಮೇಷ್ಟ್ರು ಭೇಷ್ ಎನ್ನಲಿಲ್ಲ. ಅಳಿಯನ ಮುಖ ಹೀಗೆ ಬಿಳಿಚಿದ್ದನ್ನು ತಾವು ಒಂದು ಸಲವೂ ನೋಡಿರಲಿಲ್ಲವೆಂದು ಮಾತ್ರ ನೆನಪಾಯಿತು.

ಸಂಜೆ ಮನೆಗೆ ಬಂದ ಮಗಳು ಕಾರಿನ ಬಳಿ ನಿಂತಳು. ಬಾನೆಟ್ಟಿನ ಮೂಲೆಯ ನೆಗ್ಗನ್ನು ಬೆರಳಲ್ಲಿ ಸವರಿದಳು.

"ಇದ್ಯಾವಾಗ ಆಯ್ತು?"

"ಇವತ್ತು."

"ಇವತ್ತು," ಎಂದಳು ಅವಳು. ಅಷ್ಟು ಹೇಳಿ ಒಳಗೆ ಹೋದಳು.

ಅವಳಿಗೆ ಲೈಸೆನ್ಸೂ ಬಂತು, ಕೆಲಸವೂ ಬಂತು. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಬೀದಿಯ ತುದಿಯಲ್ಲಿ ಆಸ್ಪತ್ರೆಯ ಕಡೆ ತಿರುಗುವಾಗ ಮೇಷ್ಟ್ರು ಒರೆಸುವ ಬಟ್ಟೆ ಹಿಡಿದು ಕಾರಿನ ಪಕ್ಕ ನಿಂತಿರುತ್ತಾರೆ. ಕಾರು ಮೊದಲಿನಷ್ಟು ಹೊಳೆಯುವುದಿಲ್ಲ, ಬೋರ್ಡು ಇಳಿಸಿದ್ದಾರೆ. ಅವಳು ಇವರ ಕಡೆ ನೋಡುವುದಿಲ್ಲ, ನೋಡುವುದು ರಸ್ತೆಯನ್ನು. ವ್ಯಾನು ಕಣ್ಮರೆಯಾದ ಮೇಲೂ ಇಳಿಜಾರು ಮುಗಿಯುವಷ್ಟು ಹೊತ್ತು ಇವರು ಬಲಗಾಲು ನೆಲಕ್ಕೊತ್ತಿ ಕಿವಿಗೊಟ್ಟು ನಿಲ್ಲುತ್ತಾರೆ. ಸದ್ದು ಬಾರದಿದ್ದರೆ ಒರೆಸಲು ಶುರು ಮಾಡುತ್ತಾರೆ.

ಬಲಗಾಲಿನ ಅಟ್ಟೆ ಈಗಲೂ ಮೊದಲು ಸವೆಯುತ್ತದೆ. ಚಪ್ಪಲಿ ಹೊಲಿಯುವವನು ಈಗ ಏನೂ ಕೇಳುವುದಿಲ್ಲ. ಸುಮ್ಮನೆ ಹೊಸ ಅಟ್ಟೆ ಹಾಕಿ ಕೊಡುತ್ತಾನೆ.