ಪರೀಕ್ಷಕರ ಕುರ್ಚಿಯ ಮೇಲೆ ಸೂಗಮ್ಮನ ಚೀಲ

ಡ್ರೈವರ್ ಆದವನು ಬಾಯಿ ಬಿಗಿಹಿಡಿದಿರಬೇಕು ಎನ್ನುತ್ತಾರೆ. ಹಾಗೆನ್ನುವವರು ಒಂದು ಸಲ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ ಓಡಿಸಿ ನೋಡಲಿ. ಟೆಂಪೋ, ಬೈಕು, ರಸ್ತೆ ನಡುವೆ ನಿಂತ ಎಮ್ಮೆ, ಎಲ್ಲಕ್ಕೂ ನನ್ನ ಬಾಯಿಂದ ಪ್ರಸಾದ ಸಿಗುತ್ತದೆ. ದೌಲಪ್ಪನ ಬಸ್ಸಿಗೆ ಹಾರ್ನೇ ಬೇಡ ಎಂದು ಜನ ನಗುತ್ತಾರೆ. ಆದರೆ ಆ ಸೋಮವಾರ ಬೆಳಿಗ್ಗೆ ನಾನು ಒಬ್ಬರನ್ನೂ ಬೈಯಲಿಲ್ಲ. ಅವತ್ತು ನನ್ನ ಕಂಡಕ್ಟರ್ ಶೇವಂತಾಳ ಪರೀಕ್ಷೆ.

ಶೇವಂತಾ ಕಮಲಾಪುರದವಳು. ದನಿಯೆಂದರೆ ದನಿ! ಬಾಗಿಲಲ್ಲಿ ನಿಂತು “ಒಳಗ ಸರೀರಿ” ಎಂದರೆ ಕಡೆಯ ಸೀಟಿನವರೂ ಸರಿಯುತ್ತಾರೆ. ಅಂಥವಳು ಎರಡು ವರ್ಷದ ಹಿಂದೆ ಕಲಬುರಗಿಯ ಕುಸನೂರಿನ ಹತ್ತಿರದ ಒಂದು ಅಧ್ಯಯನ ಕೇಂದ್ರದಲ್ಲಿ ಎಂ.ಎ.ಗೆ ಹೆಸರು ಹಚ್ಚಿದಳು. ವಿಷಯ ಅಂತರರಾಷ್ಟ್ರೀಯ ಅಭಿವೃದ್ಧಿ. ವಾರದ ರಜೆಯ ದಿನ ಕ್ಲಾಸು.

“ನಮ್ಮ ಬಸ್ಸು ಕಮಲಾಪುರ ದಾಟಿ ಹುಮನಾಬಾದಿಗೂ ಹೋಗೂದಿಲ್ಲ. ನಿನಗ್ಯಾಕವ್ವ ದೇಶದೇಶದ ಉಸಾಬರಿ?” ಎಂದು ಕೇಳಿದೆ.

“ಎಲ್ಲಾ ದೇಶದಾಗೂ ಹೆಣ್ಮಕ್ಕಳು ಬಸ್ಸಿಗಿ ಕಾಯ್ತಾರ ದೌಲಪ್ಪಣ್ಣ. ಅವರು ಎಲ್ಲಿಗಿ ಹೋಗಬೇಕಂತಾರ, ಯಾಕ ಹೋಗಾಕ ಆಗವಲ್ದು, ಅದನ್ನ ಓದಾಕತ್ತೀನಿ,” ಎಂದಳು.

ಅಬ್ಬಾ, ಏನು ಓದು ಅದು! ಮಹಾಗಾಂವ ಕ್ರಾಸಿನಲ್ಲಿ ಟಿಕೆಟ್ ಮುಗಿಸಿ ಕೆನ್ಯಾ ದೇಶ ತೆರೆದರೆ ಕಮಲಾಪುರ ಬರುವಷ್ಟರಲ್ಲಿ ಬಾಂಗ್ಲಾದೇಶಕ್ಕೆ ತಲುಪಿರುತ್ತಿದ್ದಳು. ಓದಿದ್ದನ್ನು ನನಗೆ ಕೂಗಿ ಹೇಳುವಳು. ಇಂಜಿನ್ ಸದ್ದಿಗೆ ಎಷ್ಟು ಕೂಗಬೇಕೆಂದರೆ, ಅರ್ಧ ಬಸ್ಸು ಪಾಠ ಕೇಳುತ್ತಿತ್ತು. ಮಹಾಗಾಂವದ ಸೂಗಮ್ಮ ಎಂಬ ಮುದುಕಿ ಪ್ರತಿ ಸೋಮವಾರ ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಬರುತ್ತಾಳೆ. ಬಸ್ ಹತ್ತಿದವಳೇ “ಆ ಕೆನ್ಯಾದ ಹೆಣ್ಮಗಳ ಮನಿಗಿ ನೀರು ಬಂತೇನವ್ವ?” ಎಂದು ವಿಚಾರಿಸುವಳು. ತನ್ನ ಬೀಗರ ಸುದ್ದಿಯನ್ನೂ ಅಷ್ಟು ಕಾಳಜಿಯಿಂದ ಕೇಳಿದವಳಲ್ಲ.

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಅವರ ಬದುಕಿನಲ್ಲಿ ಏನು ಬದಲಾಯಿತು ಎಂಬುದೇ ಶೇವಂತಾಳ ಪ್ರಬಂಧ. ಬರೆದದ್ದೇನೋ ಚೆನ್ನಾಗಿಯೇ ಬರೆದಳಂತೆ. ಆದರೆ ಪರೀಕ್ಷಕರ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕಲ್ಲ? ಹಿಂದಿನ ಸಲ ಬಾಯಿಗೆ ಬೀಗ ಬಿದ್ದು, ಒಂದಕ್ಷರ ಹೊರಡದೆ ಅಳುತ್ತ ವಾಪಸು ಬಂದಿದ್ದಳು. ಬಸ್ಸು ತುಂಬ ಗದರುವವಳು ನಾಲ್ಕು ಕುರ್ಚಿ ನೋಡಿ ಹೆದರುವುದೆಂದರೇನು! ಈ ಸಲವೂ ಹಾಗಾದರೆ ಹೆಸರು ರದ್ದು, ಮತ್ತೆ ಮೊದಲಿಂದ ಓದಬೇಕು ಎಂದು ಕೇಂದ್ರದವರು ಹೇಳಿಬಿಟ್ಟಿದ್ದರು.

ಉಪಾಯ ಹೂಡಿದವಳು ಸೂಗಮ್ಮ. ಪರೀಕ್ಷೆಯನ್ನು ಯಾರು ಬೇಕಾದರೂ ಬಂದು ಕೂತು ಕೇಳಬಹುದು ಎಂದು ಗೊತ್ತಾದದ್ದೇ ತಡ, “ನಾವೆಲ್ಲ ಎದುರಿಗಿ ಕೂಡ್ತೀವಿ. ನಮ್ಮ ಮಾರಿ ನೋಡಿದರ ಬಸ್ಸಿನಾಗೇ ಇದ್ದೀನಂತ ತಿಳಿದು ಮಾತಾಡ್ತಾಳ. ಗುಡಿಗಿ ಆಮ್ಯಾಲೆ ಹೋದರಾಯ್ತು, ಶರಣಬಸವಪ್ಪ ತಿಳ್ಕೋತಾನ,” ಎಂದಳು.

ಅವತ್ತು ಶೇವಂತಾಳ ಬದಲಿಗೆ ನದೀಮ್ ಎಂಬ ಕಂಡಕ್ಟರ್ ಬಂದಿದ್ದ. ಬೆಳಗಿನ ಟ್ರಿಪ್ಪಿನಲ್ಲಿ ಸೂಗಮ್ಮ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಬಂದು, ಆಟೋ ಹಿಡಿದು ಕೇಂದ್ರಕ್ಕೆ ಹೋದಳು. ಮಧ್ಯಾಹ್ನದ ಟ್ರಿಪ್ಪಿನವರೆಗೆ ಬಿಡುವಿತ್ತು, ನಾನೂ ಬೆನ್ನಿಗೇ ಹೋದೆ. ಹೋಗುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಒಗೆಯುತ್ತಾರೆ. ಅದು ಬಿದ್ದ ಸೀಟು ಒಗೆದವರದು. ಅದನ್ನು ಎತ್ತಿಟ್ಟು ಕೂತವನ ಗತಿ ಹೇಳಲಾರೆ. ಕೇಂದ್ರದ ಹಾಲಿನ ಬಾಗಿಲು ಇನ್ನೂ ತೆರೆದಿರಲಿಲ್ಲ, ಕಿಟಕಿ ತೆರೆದಿತ್ತು. ನಮ್ಮ ಹೆಂಗಸರು ಬಿಟ್ಟಾರೆಯೇ? ಕರವಸ್ತ್ರ, ಚೀಲ, ಒಬ್ಬಳಂತೂ ಚಪ್ಪಲಿ, ಎಲ್ಲ ಒಗೆದು ಸೀಟು ಹಿಡಿದಿದ್ದರು. ಕಿಟಕಿಗೆ ಹತ್ತಿರವಿದ್ದ ಕುರ್ಚಿಗಳು ಪರೀಕ್ಷಕರವು!

ಬಾಗಿಲು ತೆರೆಯಿತು. ಪುಣೆಯಿಂದ ಬಂದಿದ್ದ ಪರೀಕ್ಷಕರು ವಿಜಯೀಂದ್ರ ಎಂಬವರು, ಮರಾಠಿ ಕನ್ನಡ ಎರಡೂ ಬಲ್ಲ ಹಿರಿಯರು. ಅವರ ದೊಡ್ಡ ಕುರ್ಚಿಯ ಮೇಲೆ ಸೂಗಮ್ಮನ ಚೀಲ ಕೂತಿತ್ತು. ಅದರ ಬಾಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಇಣುಕುತ್ತಿದ್ದವು. ಚೀಲ ಎತ್ತಿಡಲು ಅವರು ಕೈ ಹಾಕಿದರು.

“ಏ ಸಾಹೇಬ್ರ, ಅದು ಹಿಡಿದ ಸೀಟರಿ!” ಸೂಗಮ್ಮ ಗುಡುಗಿದಳು.

“ಯಾರ್ರೀ ಇವರು? ಮೊದಲು ಹೊರಗ ಕಳಸ್ರಿ!” ಎಂದು ಕೇಂದ್ರದ ಮುಖ್ಯಸ್ಥರು ಕೆಂಡವಾದರು. ಶೇವಂತಾಳ ಮುಖ ಬಿಳಚಿಕೊಂಡಿತು. ಕೆಟ್ಟಿತು ಕೆಲಸ ಎಂದು ನಾನು ತಲೆಯ ಮೇಲೆ ಕೈ ಹೊತ್ತೆ. ಸಹಾಯಕ್ಕೆಂದು ಬಂದವರೇ ಅವಳನ್ನು ಮುಳುಗಿಸಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು.

ವಿಜಯೀಂದ್ರರು ಮುಖ್ಯಸ್ಥರನ್ನು ತಡೆದರು. ನಿಂತಲ್ಲೇ ಶೇವಂತಾಳ ಕಡೆ ತಿರುಗಿ, “ಮಹಿಳೆಯರ ಸ್ಥಿತಿ ಬದಲಾಗಿದೆ ಅಂತ ಪುಟಪುಟಕ್ಕೂ ಬರೆದೀರಿ. ಅದು ನಿಮ್ಮ ಕಣ್ಣಿಗೆ ಎಲ್ಲಿ ಕಂಡಿತು?” ಎಂದು ಕೇಳಿದರು.

ಶೇವಂತಾಳ ತುಟಿ ಅಲ್ಲಾಡಿದವು, ಮಾತು ಬರಲಿಲ್ಲ. ಮಾತಾಡು ತಾಯಿ, ಮಾತಾಡು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಅವಳು ನಮ್ಮನ್ನು ನೋಡಿದಳು. ಆಮೇಲೆ ಕುರ್ಚಿಯ ಮೇಲಿನ ಚೀಲವನ್ನು ನೋಡಿದಳು.

“ಆ ಚೀಲದಾಗ ಕಂಡದರಿ ಸರ್,” ಎಂದಳು.

“ಅಂದರೆ?”

“ನಾ ಕೆಲಸಕ್ಕ ಸೇರಿದಾಗ ಕಿಟಕಿಯಿಂದ ಬರೇ ಗಂಡಸರ ಟವೆಲ್ ಬೀಳ್ತಿದ್ದವ್ರಿ. ಗಂಡ ಸೀಟು ಹಿಡಿದರ ಹೆಂಡತಿ ಕೂಡಾಕಿ, ಒಬ್ಬಾಕಿನೇ ಬಂದರ ನಿಂತು ಹೋಗಾಕಿ. ಈ ಸೂಗಮ್ಮ ಮಹಾಗಾಂವದಿಂದ ನಿಂತೇ ಬರ್ತಿದ್ದಳು. ಮಗನ ಕಡಿಂದ ಟಿಕೀಟಿನ ರೊಕ್ಕ ಬೇಡಿ ತಂದಾಕಿ ಸೀಟು ಹ್ಯಾಂಗ ಕೇಳ್ಯಾಳ್ರಿ? ಈಗ ಆಕಿನೇ ಚೀಲ ಒಗೀತಾಳ. ಫುಕಟ್ ಬಂದಾರ, ಮ್ಯಾಲೆ ಸೀಟು ಬ್ಯಾರೆ ಅಂತ ಗಂಡಸರು ನನ್ನ ಮ್ಯಾಲೆ ಜಗಳಕ್ಕ ಬರ್ತಾರ. ಆದರ ಆಕಿ ಏಳಂಗಿಲ್ಲ ಸರ್! ಹೋಗಬೇಕಂದಾಗ ಹೋಗೂದು ಒಂದು. ಹೋದಲ್ಲಿ ಇದು ನನ್ನ ಜಾಗಾ ಅಂತ ಕೂಡೂದು ಇನ್ನೊಂದು.”

ಅಷ್ಟೇ, ಬೀಗ ಒಡೆಯಿತು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಕೆನ್ಯಾ ಬಂತು, ಬಾಂಗ್ಲಾ ಬಂತು, ಎರಡು ಕಡೆ ತಪ್ಪಿ ತಾನೇ ತಿದ್ದಿಕೊಂಡಳು. ವಿಜಯೀಂದ್ರರು ಬದಿಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ದೊಡ್ಡ ಕುರ್ಚಿಯಲ್ಲಿ ಚೀಲವೇ ಕೂತಿತ್ತು.

“ಸೀಟಿನ ಈ ಮಾತು ಪ್ರಬಂಧದಲ್ಲಿ ಯಾಕಿಲ್ಲ?” ಎಂದರು ಕೊನೆಗೆ.

“ಇಂಥಾದ್ದೂ ಬರೀಬಹುದಂತ ಗೊತ್ತಿರಲಿಲ್ರಿ. ದೊಡ್ಡ ದೊಡ್ಡ ಮಾತೇ ಬರೀಬೇಕಂತ ಮಾಡಿದ್ದೆ.”

“ಇದರ ಮೇಲೆ ಒಂದು ಅಧ್ಯಾಯ ಸೇರಿಸಿ ಕೊಡಿ. ನೀವು ಪಾಸಾದಿರಿ.”

ನಾನು ಹಾಕಿದ ಸಿಳ್ಳೆಗೆ ಮುಖ್ಯಸ್ಥರು ಬೆಚ್ಚಿಬಿದ್ದರು. ಬೀಳಲಿ ಬಿಡಿ! ಸೂಗಮ್ಮ ಎದ್ದು ಹೋಗಿ ಪರೀಕ್ಷಕರ ಕೈಗೆ ಎರಡು ಬಾಳೆಹಣ್ಣು ಕೊಟ್ಟು, ಚೀಲ ಹೆಗಲಿಗೇರಿಸಿ, “ಗುಡಿಗಿ ಹೊತ್ತಾತು” ಎಂದು ಹೊರಟೇಬಿಟ್ಟಳು.

ಮಧ್ಯಾಹ್ನದ ಟ್ರಿಪ್ಪಿಗೆ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಶೇವಂತಾ ಓಡಿಬಂದು ಹತ್ತಿದಳು. ಖಾಕಿ ಇಲ್ಲ, ಹಸಿರು ಸೀರೆ. ಆದರೂ ರೂಢಿಯ ಪ್ರಕಾರ ಬಾಗಿಲ ಕಂಬ ಹಿಡಿದು ನಿಂತಳು.

“ಅಲ್ಲೇನು ಮಾಡ್ತಿ, ಬಾ ಇಲ್ಲಿ!” ಗುಡಿಯಿಂದ ಮೊದಲೇ ಬಂದಿದ್ದ ಸೂಗಮ್ಮ ಕರೆದಳು. ಅವಳ ಪಕ್ಕದ ಕಿಟಕಿ ಸೀಟಿನಲ್ಲಿ ಅದೇ ಚೀಲವಿತ್ತು. “ದಿನಾ ನಮ್ಮನ್ನ ಕೂಡಸಾಕಿ, ಇವತ್ತು ನೀ ಕೂಡು. ನಿನಗಂತ ಹಿಡಿದೀನಿ.”

ಇಷ್ಟು ವರ್ಷದಲ್ಲಿ ಶೇವಂತಾಳಿಗೆ ಯಾರೂ ಸೀಟು ಹಿಡಿದಿರಲಿಲ್ಲ. ಅವಳು ಮೆಲ್ಲಗೆ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಳತೊಡಗಿದಳು. ನದೀಮ್ ಬಂದು, “ಅಕ್ಕಾವ್ರ, ಆಧಾರ್ ತೋರಸ್ರಿ,” ಎಂದು ಗಂಭೀರವಾಗಿ ಕೇಳಿ ಉಚಿತ ಟಿಕೆಟ್ ಹರಿದುಕೊಟ್ಟ. ಅಳುತ್ತಿದ್ದವಳು ನಕ್ಕುಬಿಟ್ಟಳು.

ನದೀಮ್ ವಿಸಲ್ ಬಾಯಿಗಿಡುವುದರಲ್ಲಿದ್ದ. “ತಡೀಲೇ!” ಎಂದು ನಾನು ಅವನನ್ನು ಗದರಿ, ಕನ್ನಡಿಯಲ್ಲಿ ಶೇವಂತಾಳನ್ನು ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಕೂತಲ್ಲಿಂದಲೇ ಬಸ್ಸು ನಡುಗುವ ಹಾಗೆ “ರೈಟ್!” ಎಂದಳು. ನಾನು ಗೇರ್ ಹಾಕಿದೆ.