ಕಣಿಯಣ್ಣ ಹೇಳಿದ ಸೋಲು

ಕಾದಾಟದ ಕ್ಲಬ್ಬಿನಲ್ಲಿ ಅವನ ಕೆಲಸವೆಂದರೆ ಹರಿದ ಗ್ಲೌಸು ಹೊಲಿಯುವುದು, ಗುದ್ದುವ ಚೀಲಕ್ಕೆ ಚಿಂದಿ ತುಂಬುವುದು, ಸ್ಪರ್ಧೆಯ ದಿನ ಇಳಿಯುವವರ ಕೈಗೆ ಪಟ್ಟಿ ಸುತ್ತುವುದು. ಸ್ವತಃ ಒಂದು ದಿನವೂ ಕಾದಾಡುವ ತಂತಿ ಪಂಜರದೊಳಗೆ ಕಾಲಿಟ್ಟವನಲ್ಲ. ಆದರೂ ಯಾರು ಗೆಲ್ಲುತ್ತಾರೆ, ಯಾರು ನೆಲ ಕಚ್ಚುತ್ತಾರೆ ಎಂದು ಮೊದಲೇ ಹೇಳುವುದರಲ್ಲಿ ಎತ್ತಿದ ಕೈ. ಅದಕ್ಕೇ ಎಲ್ಲರ ಬಾಯಲ್ಲೂ ಕಣಿಯಣ್ಣ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ.

ಕಣಿ ಹೇಳಲು ಯಾವ ದೇವರೂ ಮೈಮೇಲೆ ಬರುತ್ತಿರಲಿಲ್ಲ. ಬೇರೆಯವರು ಕೈ ನೋಡುತ್ತಿದ್ದರು, ಅವನು ಕಾಲು ನೋಡುತ್ತಿದ್ದ, ಅಷ್ಟೇ ಗುಟ್ಟು. "ಕೆಡವಿ ಕತ್ತು ಹಿಡಿಯೋರ ಆಟ ಹೇಳೋದು ಕಷ್ಟ ಕಣೋ," ಎನ್ನುತ್ತಿದ್ದ. "ಇಬ್ಬರೂ ನಿಂತು ಹೊಡೆಯೋರಾದ್ರೆ ಸುಲಭ. ಗುದ್ದೋನಿಗೆ ಹತ್ತಿರ ಬೇಕು, ಒದೆಯೋನಿಗೆ ದೂರ ಬೇಕು. ತನಗೆ ಬೇಕಾದ ಜಾಗ ಉಳಿಸ್ಕೊಂಡೋನು ಗೆದ್ದ." ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ತನ್ನ ವಿದ್ಯೆಯನ್ನು ಬಿಡಿಸಿ ಹೇಳದಿದ್ದರೆ ಅವನಿಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಳೆಯ ಹೊಡೆತಗಾರ ಅವನ ತಮ್ಮನೇ. ಮುಷ್ಟಿಯ ಮನುಷ್ಯ, ವರ್ಷಗಟ್ಟಲೆ ತಲೆಗೆ ಏಟು ತಿಂದವನು. ಅಪ್ಪ ಅಮ್ಮ ಕಣ್ಮುಚ್ಚಿದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಅಣ್ಣ. ಅಂಥ ತಮ್ಮ ಈಚೆಗೆ ಒಂದು ಸಂಜೆ ಪಕ್ಕದ ಮನೆಗೆ ನುಗ್ಗಿ, ಅವರ ಕುರ್ಚಿಯಲ್ಲಿ ಕೂತು, ಊಟ ಬಡಿಸು ಎಂದು ಆ ಮನೆಯಾಕೆಗೆ ಗದರಿದ್ದ. ಬೀದಿಗೆ ಬೀದಿಯೇ ನಕ್ಕಿತು, ಅಣ್ಣನೂ ನಕ್ಕ. ಇನ್ನೊಂದು ದಿನ ತಟ್ಟೆ ಮುಂದಿಟ್ಟುಕೊಂಡು ಬಾಗಿಲು ಕೊಡು, ಬಾಗಿಲು ಕೊಡು ಎಂದು ಹೆಂಡತಿಯನ್ನು ಕೇಳಿದ. ಅವನಿಗೆ ಬೇಕಾಗಿದ್ದದ್ದು ಬಟ್ಟಲು. ಅವತ್ತು ಮನೆಯಲ್ಲಿ ಯಾರೂ ನಗಲಿಲ್ಲ.

ಕ್ಲಬ್ಬಿನ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು, ಬೆರಳು ಆಡಿಸಿ, "ಗೂಳಿ ಇದ್ದ ಹಾಗಿದ್ದಾನೆ" ಎಂದು ಬೆನ್ನು ತಟ್ಟಿ ಕಳಿಸಿದರು. ಇನ್ನು ಕಾದಾಟ ಬೇಡವೆಂದರೆ ತಮ್ಮ ಉರಿದುಬೀಳುತ್ತಿದ್ದ. ಉಳಿದದ್ದು ಒಂದೇ ಆಸೆ. ಬರುವ ಪಂದ್ಯದಲ್ಲಿ ಸೋತರೆ ಮತ್ತೆ ಕರೆಯುವುದಿಲ್ಲ ಎಂದು ಪಂದ್ಯ ನಡೆಸುವ ಸಾಹುಕಾರ ಕಡ್ಡಿ ಮುರಿದಂತೆ ಹೇಳಿದ್ದ. ತಮ್ಮನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಸೋತು ಮನೆಗೆ ಬಂದ್ರೆ ಸಾಕು ಭಾವ, ಅಷ್ಟೇ ನಾನು ಕೇಳ್ಕೊಳ್ಳೋದು," ಎಂದಳು. ಕೈಯಾರೆ ಸಾಕಿದವನು ಸೋಲಲಿ ಎಂದು ಕಾಯುವುದು ಎಂಥ ಪಾಪಿಯ ಬಾಳು ಎಂದು ಅಣ್ಣ ತನ್ನನ್ನೇ ಬೈದುಕೊಂಡ. ಆದರೂ ಅವನು ಕಾದ.

ಎದುರಾಳಿ ಎಳೆಯ ವಯಸ್ಸಿನವ, ಉದ್ದ ಕಾಲಿನವ, ಒದೆಯುವುದರಲ್ಲೇ ಹೆಸರು ಮಾಡಿದವ. ಚಹಾದ ಹೊತ್ತಿಗೆ ಕ್ಲಬ್ಬಿನವರೆಲ್ಲ ಕಣಿಯಣ್ಣನ ಸುತ್ತ ನೆರೆದರು.

"ಹೇಳು ಕಣಿಯಣ್ಣ, ಯಾರ ಕಡೆ? ತಮ್ಮ ಅಂತ ಜಾರ್ಕೋಬೇಡ."

"ನನ್ನ ತಮ್ಮ ಸೋಲ್ತಾನೆ."

ಓಹೋ ಎಂದರು ಕೆಲವರು. ಒಬ್ಬ, "ಸುಮ್ನೆ ಬಾಯಿಗೆ ಬಂದದ್ದು ಹೇಳ್ತಿದ್ದೀಯ," ಎಂದು ಕೆಣಕಿದ. ಅಲ್ಲಿಗೆ ಕಣಿಯಣ್ಣನ ನಾಲಿಗೆ ಕೈಮೀರಿತು.

"ಇವನು ಗುದ್ದುವಾಗ ಮೈಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕ್ತಾನೆ. ಅವನು ದೂರ ನಿಂತು ಅದೇ ಕಾಲಿಗೆ ಒದೀತಾನೆ. ಎರಡನೇ ರೌಂಡಿಗೆ ಕಾಲು ಕೈಕೊಡುತ್ತೆ, ಇವನು ಕೂತುಬಿಡ್ತಾನೆ. ತಲೆಗೆ ಒಂದೇಟೂ ಬೀಳಲ್ಲ, ನೋಡ್ತಿರಿ!"

ಎಷ್ಟು ಮೃದುವಾದ ಸೋಲನ್ನು ಅವನು ತಮ್ಮನಿಗಾಗಿ ಆರಿಸಿಟ್ಟಿದ್ದ! ಒಂದು ವಾರ ಕುಂಟಿದರೆ ಮುಗಿಯುವಂಥದ್ದು. ಕೊನೆಯ ಮಾತು ಆಡುವಾಗ ಅವನ ಮುಖದಲ್ಲಿ ಸಂತೋಷವೂ ಇತ್ತು. ಬೆನ್ನ ಹಿಂದೆ ತಮ್ಮ ಚೀಲ ಗುದ್ದುತ್ತಿದ್ದ ಸದ್ದು ನಿಂತಿದ್ದನ್ನು ಅವನು ಗಮನಿಸಲಿಲ್ಲ.

ಪಂದ್ಯದ ದಿನ ಪಟ್ಟಿ ಸುತ್ತಿಸಿಕೊಳ್ಳುವಾಗ ತಮ್ಮ ತನ್ನ ಮುಂದಿನ ಕಾಲನ್ನೇ ನೋಡುತ್ತಿದ್ದ. ಗಂಟೆ ಬಾರಿಸಿದೊಡನೆ ಹಣೆ ಬಗ್ಗಿಸಿಕೊಂಡು ನೇರ ಎದುರಾಳಿಯ ಎದೆಗೇ ಹೋದ. ಒದೆಯಬೇಕಾದರೆ ಅವನಿಗೆ ದೂರ ಬೇಕಲ್ಲ? ಅದನ್ನು ಕೊಡಲೇ ಇಲ್ಲ. ಕಾಲು ಬೀಸಲಾಗದ ಎದುರಾಳಿ ಸಿಕ್ಕಿದ್ದರಲ್ಲಿ ಬಡಿದ. ಮೊಣಕೈಯಲ್ಲಿ ಕಿವಿಗೆ, ಮಂಡಿಯಲ್ಲಿ ಗಲ್ಲಕ್ಕೆ, ಮುಷ್ಟಿಯಲ್ಲಿ ಕಪಾಲಕ್ಕೆ. ತಮ್ಮ ಎಲ್ಲವನ್ನೂ ತಲೆಯ ಮೇಲೇ ತೆಗೆದುಕೊಂಡ, ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಕಾಲು ಉಳಿಸಿಕೊಳ್ಳಲು ತಲೆ ಕೊಡಬೇಕೆಂದು ಅವನಿಗೆ ಹೇಳಿಕೊಟ್ಟವರು ಯಾರು? ತಂತಿಯ ಆಚೆ ಕಣಿಯಣ್ಣ, "ಹಿಂದೆ ಬಾರೋ! ಬಾರೋ ಹಿಂದೆ!" ಎಂದು ಗಂಟಲು ಹರಿಯುವಂತೆ ಕಿರುಚಿದ. ತನ್ನ ಕಣಿ ಸುಳ್ಳಾಗುತ್ತಿದೆಯೆಂದು ಮುದುಕನಿಗೆ ಹೊಟ್ಟೆಯುರಿ ಎಂದುಕೊಂಡು ಪಕ್ಕದವರು ನಕ್ಕರು.

ಮೂರನೇ ರೌಂಡಿನಲ್ಲಿ ಎದುರಾಳಿಗೆ ಬಡಿದೂ ಬಡಿದೂ ಕೈ ಸೋತಿತು. ಆಗ ತಮ್ಮ ಒಂದೇ ಒಂದು ಗುದ್ದು ಕೊಟ್ಟ. ಹುಡುಗ ದೊಪ್ಪೆಂದು ಬಿದ್ದ. ಸಭಾಂಗಣ ಕಿತ್ತುಹೋಗುವಂತೆ ಕೂಗಿತು.

ಒಳಕೋಣೆಯಲ್ಲಿ ಕಣಿಯಣ್ಣ ಪಟ್ಟಿ ಕತ್ತರಿಸಿ ತೆಗೆಯುತ್ತಿದ್ದರೆ, ತಮ್ಮನ ಹೆಂಡತಿ ಗೋಡೆಗೆ ಒರಗಿ ನಿಂತು ಗಂಡನ ಊದಿದ ಮುಖವನ್ನೇ ನೋಡುತ್ತಿದ್ದಳು.

"ಕಾಲಿನ ವಿಷಯ ನೀವ್ಯಾಕೆ ಬಾಯಿ ಬಿಟ್ರಿ ಭಾವ?" ಎಂದಳು, ಮೆಲ್ಲಗೆ. ಅವಳು ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದ.

ತಮ್ಮ ಬಗ್ಗಿ ಶೂ ಹಾಕಿಕೊಂಡ. ಬಲಗಾಲಿನದು ಎಡಗಾಲಿಗೆ, ಎಡಗಾಲಿನದು ಬಲಗಾಲಿಗೆ. ಲೇಸನ್ನೂ ಕಟ್ಟತೊಡಗಿದ. ಅಣ್ಣ ನೆಲಕ್ಕೆ ಕೂತು, ಎರಡನ್ನೂ ಬಿಚ್ಚಿ ಸರಿಯಾಗಿ ತೊಡಿಸಿದ. ಚಿಕ್ಕಂದಿನಲ್ಲಿ ಕಚಗುಳಿಯೆಂದು ಒದೆಯುತ್ತಿದ್ದ ಆ ಪಾದಗಳು ಈಗ ಅವನ ಕೈಯಲ್ಲಿ ಸುಮ್ಮನೆ ಕೂತಿದ್ದವು.

ಅಷ್ಟರಲ್ಲಿ ಸಾಹುಕಾರ ಹತ್ತಾರು ಜನರೊಂದಿಗೆ ಬಾಗಿಲು ತಳ್ಳಿಕೊಂಡು ಬಂದ. ಮುಂದಿನ ತಿಂಗಳೇ ದೊಡ್ಡ ಪಂದ್ಯವಂತೆ, ಇನ್ನೂ ಜೋರಿನ ಹೊಡೆತಗಾರನ ಮೇಲಂತೆ.

ಕಣಿಯಣ್ಣ ಎದ್ದು ನಿಂತು ಕೈ ಮುಗಿದ. "ಸ್ವಾಮಿ, ಇವನನ್ನ ಬಿಟ್ಟುಬಿಡಿ. ಇನ್ನೊಂದು ಆಟ ಆಡಿದ್ರೆ ಇವನು ನಮಗೆ ಉಳಿಯಲ್ಲ."

ಸಾಹುಕಾರ ಅವನ ಹೆಗಲ ಮೇಲೆ ಕೈಹಾಕಿ, "ಕೇಳಿದ್ರೇನ್ರಪ್ಪ, ಕಣಿಯಣ್ಣ ಮತ್ತೆ ಕಣಿ ಹೇಳ್ತಿದ್ದಾನೆ!" ಎಂದ. ಕೋಣೆಗೆ ಕೋಣೆಯೇ ಬಿದ್ದುಬಿದ್ದು ನಕ್ಕಿತು. ನಕ್ಕು ಸಾಕಾಗಿ ಎಲ್ಲರೂ ಬೇರೆ ಮಾತಿಗೆ ಹೊರಳಿದರು.

ಆಮೇಲೆ, ಆ ಮಾತು ಈಗಷ್ಟೇ ಕಿವಿಗೆ ಬಿದ್ದವನಂತೆ, ಒಬ್ಬನೇ, ತಮ್ಮ ನಕ್ಕ.