ಫ್ಯಾನಿನ ಮುಂದೆ ಹಿಡಿದ ಪೇಪರ್ ಪಟ್ಟಿ

ಆ ಶನಿವಾರ ಸಂಜೆ ಇಮೇಲ್ ಕಳಿಸಿದವಳೇ ಅಡುಗೆಮನೆಗೆ ಓಡಿ ಅವ್ವನನ್ನು ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡೆ. ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಏನಾತ ನಿನಗ? ಹುಚ್ಚು ಹಿಡೀತೇನು?"

"ಅವ್ವಾ, ನನ್ನ ಹೆಸರು ಕರ್ನಲ್‌ದಾಗ ಬರತೈತಿ!"

ಕರ್ನಲ್ ಎಂದರೆ ಅವ್ವನಿಗೆ ಮಿಲಿಟರಿಯವರು. ಕೂಡಿಸಿಕೊಂಡು ಹೇಳಿದೆ. ಕಂಪ್ಯೂಟರಿನ ಎಲ್ಲ ಕೆಲಸದ ತಳದಲ್ಲಿ ಕೂತು ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರೊಳಗೆ ಯಂತ್ರದ ಒಂದೊಂದು ಭಾಗಕ್ಕೂ ಅದನ್ನು ನಡೆಸುವ ಒಂದೊಂದು ಡ್ರೈವರ್. ಇದನ್ನೆಲ್ಲ ಲೋಕದ ಮೂಲೆಮೂಲೆಯ ಜನ ಸೇರಿ ಬರೆಯುತ್ತಾರೆ. ಒಬ್ಬರು ತಿದ್ದುಪಡಿ ಕಳಿಸಿದರೆ ಇನ್ನೊಬ್ಬರು ಓದಿ, ತಮ್ಮ ಯಂತ್ರದ ಮೇಲೆ ಓಡಿಸಿ, ಸರಿಯಿದೆ ಎಂದು ಕೆಳಗೆ ಹೆಸರು ಹಾಕಬೇಕು. ಆ ಹೆಸರು ತಿದ್ದುಪಡಿಯ ಜೊತೆಗೆ ಶಾಶ್ವತವಾಗಿ ಉಳಿಯುತ್ತದೆ.

ನಾನು ಗಚ್ಚಿಬೌಲಿಯ ಆಫೀಸೊಂದರಲ್ಲಿ ಟೆಸ್ಟಿಂಗ್ ಕೆಲಸದವಳು. "ಟೆಸ್ಟಿಂಗ್‌ನವರಿಗೆ ಕೋಡ್ ಎಲ್ಲಿ ಅರ್ಥವಾಗಬೇಕು" ಎಂಬ ಮಾತನ್ನು ಕ್ಯಾಂಟೀನಿನಲ್ಲಿ ಅದೆಷ್ಟು ಸಲ ನುಂಗಿದ್ದೇನೋ! ಹಾಗಾಗಿ ನನ್ನದೇ ಮಾದರಿಯ ಲ್ಯಾಪ್‌ಟಾಪಿಗೆ ಒಂದು ತಿದ್ದುಪಡಿ ಬಂದು, "ಈ ಮಾದರಿ ಯಾರ ಬಳಿಯಾದರೂ ಇದ್ದರೆ ಪರೀಕ್ಷಿಸಿ, ಭಾನುವಾರ ಸೇರಿಸಿಕೊಳ್ಳುತ್ತೇನೆ" ಎಂದು ಆ ಡ್ರೈವರಿನ ಉಸ್ತುವಾರಿ ಹೊತ್ತಾತ ಬರೆದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನನ್ನ ಲ್ಯಾಪ್‌ಟಾಪಿನ ಫ್ಯಾನು ಹಗಲೆಲ್ಲ ಒಂದೇ ಸಮನೆ ಭರ್ರೆನ್ನುತ್ತಿತ್ತು. ಯಂತ್ರ ತಣ್ಣಗಿದ್ದಾಗ ಅದನ್ನು ನಿಲ್ಲಿಸಿ, ಬಿಸಿಯಾದಾಗ ಮತ್ತೆ ತಿರುಗಿಸುವುದೇ ಆ ತಿದ್ದುಪಡಿ. ಸಾಲುಸಾಲಾಗಿ ಓದಿದೆ. ಹಾಕಿ ಓಡಿಸಿದೆ. ಮುಚ್ಚಿ, ನಿದ್ದೆಗೆ ಕಳಿಸಿ, ಮತ್ತೆ ತೆರೆದೆ. ಪರದೆಯ ಮೇಲೆ ಫ್ಯಾನಿನ ವೇಗ ನಿಮಿಷಕ್ಕೆ ಎರಡು ಸಾವಿರದ ನಾಲ್ಕುನೂರು ಸುತ್ತು ಅಂತ ಬಂತು. ಆದರೂ ಒಂದು ಚೂರು ಸದ್ದಿಲ್ಲ! ತಿದ್ದುಪಡಿ ಬರೆದವನು ಎಂಥ ಚೆಂದದ ಕೆಲಸ ಮಾಡಿದ್ದಾನಪ್ಪ ಅಂದುಕೊಂಡು "ಪರೀಕ್ಷಿಸಿದ್ದೇನೆ" ಎಂದು ಹೆಸರು ಹಾಕಿ ಕಳಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಸನತ್‌ನಗರದ ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆಯ ಘಮ. ಅವ್ವ ಆಗಲೇ ಎದುರುಮನೆಯವರಿಗೆ ತೆಲುಗಿನಲ್ಲಿ, ಮೇಲಿನ ಮನೆಯವರಿಗೆ ಹಿಂದಿಯಲ್ಲಿ, ಕಲಬುರಗಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿ ಆಗಿತ್ತು. "ನಮ್ಮ ಹುಡುಗಿ ಸಹಿ ಮಾಡಿದ್ರನ ಕಂಪ್ಯೂಟರ್ ಚಾಲೂ ಆಗ್ತಾವಂತ" ಎಂದು ಹೇಳುತ್ತಿದ್ದಳು. ತಿದ್ದಲು ಹೋಗಲಿಲ್ಲ. ಕೇಳಲು ಹಿತವಾಗಿಯೇ ಇತ್ತು.

ಅಪ್ಪ ಮಾತ್ರ ಪೇಪರ್ ಓದುತ್ತ ಕೂತಿದ್ದ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ತೂಗಿ, ಒಂದು ಪುಟ್ಟ ದುಂಡು ಮುದ್ರೆ ಒತ್ತುವುದು ಅವನ ಕೆಲಸ. ಮುದ್ರೆಯಲ್ಲಿ ಬರೀ ಒಂದು ನಂಬರ್, ಹೆಸರಿಲ್ಲ. ನಿವೃತ್ತಿಯ ದಿನ ಅದನ್ನೂ ವಾಪಸು ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದಿದ್ದ.

"ಮುಚ್ಚಿ ತಗದ ನೋಡೀಯೇನು?" ಎಂದು ಪೇಪರಿನ ಹಿಂದಿನಿಂದಲೇ ಕೇಳಿದ.

"ನೋಡೇನಿ. ಫ್ಯಾನ್ ತಿರಗತೈತಿ ಅಂತ ನಂಬರ್ ಬಂತು."

"ಆ ನಂಬರ್ ಯಾರು ಹೇಳಿದ್ರು?"

"ಡ್ರೈವರ್ ಹೇಳತೈತಪ್ಪ."

"ನೀ ಪರೀಕ್ಷಾ ಮಾಡಾಕತ್ತಿದ್ದು ಆ ಡ್ರೈವರ್‌ನ ಅಲ್ಲೇನು?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಪ್ಪಾ, ಇದು ನಿನ್ನ ಕಾರ್ಖಾನಿ ನಟ್ಟು ಬೋಲ್ಟ್ ಅಲ್ಲ. ನಿನಗ ತಿಳಿಯೂದಿಲ್ಲ, ಸುಮ್ನಿರು" ಅಂದುಬಿಟ್ಟೆ. ಒಲೆಯ ಮುಂದೆ ಅವ್ವನ ಲಟ್ಟಣಿಗೆ ನಿಂತಿತು. ಅಪ್ಪ ಓದುತ್ತಿದ್ದ ಪೇಪರಿನ ಅಂಚನ್ನು ಬೆರಳಗಲದ ಪಟ್ಟಿಯಾಗಿ ಹರಿದು, "ತಾ ಇಲ್ಲೆ" ಎಂದ.

ಸಿಡುಕುತ್ತಲೇ ಲ್ಯಾಪ್‌ಟಾಪ್ ತಂದಿಟ್ಟೆ. ಮುಚ್ಚಿಸಿದ. ಚಹಾ ಕುಡಿದು ಮುಗಿಸುವವರೆಗೆ ಮುಟ್ಟಗೊಡಲಿಲ್ಲ. ಆಮೇಲೆ ತೆರೆಸಿ, "ಈಗ ಅದಕ್ಕ ಭಾಳ ಕೆಲಸ ಕೊಡು" ಎಂದ. ಕೊಟ್ಟೆ. ವೇಗ ಎರಡು ಸಾವಿರದ ನಾಲ್ಕುನೂರು, ಆಮೇಲೆ ಮೂರು ಸಾವಿರ. "ನೋಡು, ನೋಡು!" ಎಂದು ಪರದೆ ತೋರಿಸಿದೆ. ಅಪ್ಪ ಪರದೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಪೇಪರ್ ಪಟ್ಟಿಯನ್ನು ಬದಿಯ ಗಾಳಿಕಿಂಡಿಯ ಮುಂದೆ ಹಿಡಿದಿದ್ದ.

ಪಟ್ಟಿ ಅಲುಗಲಿಲ್ಲ.

ಅಡಿಯಲ್ಲಿ ಕೈಯಿಟ್ಟರೆ ಲ್ಯಾಪ್‌ಟಾಪ್ ಅವ್ವನ ಹಂಚಿನ ಹಾಗೆ ಕಾದಿತ್ತು. ಆರಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ಕೋಡ್ ತೆರೆದು ಮತ್ತೆ ಓದಿದೆ. ಅಲ್ಲೇ ಇತ್ತು, ನಾನು ಓದಿ ತಲೆದೂಗಿದ್ದ ಸಾಲು! ಡ್ರೈವರ್ ಫ್ಯಾನಿಗೆ ತಾನು ಕೊಟ್ಟ ಆಜ್ಞೆಯನ್ನೇ ವೇಗವೆಂದು ಓದಿ ಹೇಳುತ್ತಿತ್ತು. ಫ್ಯಾನು ಅದನ್ನು ಕೇಳಿತೋ ಇಲ್ಲವೋ ವಿಚಾರಿಸುತ್ತಲೇ ಇರಲಿಲ್ಲ. ಒಮ್ಮೆ ಮುಚ್ಚಿ ತೆರೆದ ಮೇಲಂತೂ ಫ್ಯಾನು ಅದರ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಿನ್ನೆ ನಾನು ಮೆಚ್ಚಿ ಕುಣಿದ ಆ ಮೌನ ಇದೇ ಆಗಿತ್ತು.

ನನ್ನ ಮಾತು ನಂಬಿ ಉಸ್ತುವಾರಿಯಾತ ಸೇರಿಸಿಕೊಂಡರೆ, ಈ ಮಾದರಿಯ ಲ್ಯಾಪ್‌ಟಾಪ್ ಇರುವವರೆಲ್ಲರ ತೊಡೆಯ ಮೇಲೆ ಬೆಂಕಿ. ಆತನ ದೇಶದಲ್ಲಿ ಬೆಳಗಾಗುವುದು ನಮ್ಮ ಮಧ್ಯಾಹ್ನಕ್ಕೆ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಹೋಳಿಗಿ ಎಲ್ಲಾರಿಗೂ ಹಂಚೇನಿ, ಈಗೇನು ಹೇಳ್ಲೆವ್ವಾ?" ಎಂದಳು ಅವ್ವ.

ನಾನೂ ಅದೇ ಯೋಚನೆಯಲ್ಲಿದ್ದೆ. ಹಾಕಿದ ಹೆಸರನ್ನು ಎಲ್ಲರೆದುರು ವಾಪಸು ತೆಗೆದುಕೊಳ್ಳಬೇಕು. ಸಾವಿರಾರು ಜನ ಓದುವ ಇಮೇಲ್ ಬಳಗ ಅದು. ಟೆಸ್ಟಿಂಗ್‌ನವಳಿಗೆ ಟೆಸ್ಟ್ ಮಾಡಲೇ ಬರಲಿಲ್ಲ ಎಂದು ನಾನೇ ಬರೆದುಕೊಡಬೇಕು. ಆದರೂ ಬರೆದೆ. "ನನ್ನ ಹೆಸರು ತೆಗೆಯಿರಿ. ನಾನು ಸರಿಯಾಗಿ ನೋಡಿರಲಿಲ್ಲ. ಮುಚ್ಚಿ ತೆರೆದ ಮೇಲೆ ಫ್ಯಾನು ತಿರುಗುತ್ತಿಲ್ಲ, ಪರದೆಯ ಸಂಖ್ಯೆ ಸುಳ್ಳು." ಕಳಿಸಿ, ಅಪ್ಪನ ಮುಂದೆ ಹೋಗಿ ನಿಂತೆ.

"ತಪ್ಪಾತಪ್ಪ. ಹಂಗ ಮಾತಾಡಬಾರದಿತ್ತು."

"ಹೆಸರು ವಾಪಸ್ ತಗೊಂಡೀಯಲ್ಲ, ಸಾಕು. ಊಟಾ ಮಾಡು."

ಊಟ ಎಲ್ಲಿ ಇಳಿಯಬೇಕು! ಎರಡು ಗಂಟೆಗೆ ಉಸ್ತುವಾರಿಯಾತನ ಉತ್ತರ ಬಂತು. ಬೈಗುಳಕ್ಕೆ ಸಿದ್ಧಳಾಗಿ ತೆರೆದರೆ, "ಸೇರಿಸುವುದರಲ್ಲಿದ್ದೆ, ಒಳ್ಳೆಯ ಸಮಯಕ್ಕೆ ಹೇಳಿದಿರಿ!" ಅದರ ಬೆನ್ನಿಗೇ ತಿದ್ದುಪಡಿ ಬರೆದವನ ಸಂದೇಶ: "ಇದನ್ನು ಹೇಗೆ ಕಂಡುಹಿಡಿದಿರಿ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಅಪ್ಪ, ಒಂದು ಪೇಪರ್ ಪಟ್ಟಿ ಹಿಡಿದು. ಸಂಜೆಯೊಳಗೆ ಅವನು ಹೊಸ ಆವೃತ್ತಿ ಕಳಿಸಿದ. ನಾನು ಹಾಕುವುದು, ಮುಚ್ಚುವುದು, ತೆರೆಯುವುದು, ಅಪ್ಪ ಪಟ್ಟಿ ಹಿಡಿಯುವುದು. ಮೂರನೆಯ ಸಲವೂ ಪಟ್ಟಿ ಪಟಪಟನೆ ಹಾರಿದಾಗ ನಾನು ಎಂಟು ವರ್ಷದವಳ ಹಾಗೆ ಕೂಗಿದೆ. ಅವ್ವನೂ ಹಿಟ್ಟಿನ ಕೈಯಲ್ಲೇ ಓಡಿಬಂದು, "ಹಾರಾಕತ್ತೈತಿ, ಹಾರಾಕತ್ತೈತಿ!" ಎಂದು ಚಪ್ಪಾಳೆ ತಟ್ಟಿದಳು.

ಉಸ್ತುವಾರಿಯಾತ ಇನ್ನೊಂದು ಸಾಲು ಬರೆದ: "ನಿಮ್ಮ ತಂದೆಯವರು ಒಪ್ಪಿದರೆ ಅವರ ಹೆಸರನ್ನೂ ಹಾಕೋಣ." ಅಪ್ಪ, "ನೀವು ಹೆಂಗ ಮಾಡ್ತೀರಿ ಹಂಗ" ಎಂದ. ಹೆಸರಿನ ಪಕ್ಕ ಇಮೇಲ್ ಕೂಡ ಬೇಕಿತ್ತು; ಪಿಂಚಣಿಗೆಂದು ಮಾಡಿಸಿದ್ದ ಅವನ ವಿಳಾಸ ಕೊನೆಗೂ ಒಂದು ಒಳ್ಳೆಯ ಕೆಲಸಕ್ಕೆ ಬಂತು.

ಎರಡು ದಿನದ ಮೇಲೆ ತಿದ್ದುಪಡಿ ಕರ್ನಲ್ ಸೇರಿತು. ಆಫೀಸಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಅವನು ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು ಓದಿದ. "ಪರೀಕ್ಷಿಸಿದವರು" ಎಂಬಲ್ಲಿ ನನ್ನ ಹೆಸರು, ಅದರ ಕೆಳಗೆ ಅವನ ಪೂರ್ತಿ ಹೆಸರು.

"ನಂಬರ್ ಎಲ್ಲೈತಿ?"

"ಇಲ್ಲಿ ನಂಬರ್ ಇರೂದಿಲ್ಲಪ್ಪ. ಹೆಸರಽ ಹಾಕ್ತಾರ."

ಬೆರಳು ಅಲ್ಲೇ ಇತ್ತು. "ಆಮ್ಯಾಲೆ ಯಾರರ ಇದನ್ನ ಅಳಸಾಕ ಬರತೈತೇನು?"

"ಇಲ್ಲ. ಹಂಗಽ ಉಳೀತೈತಿ."

ಅಪ್ಪ ಬೆರಳು ತೆಗೆದ. ಆಮೇಲೆ ಕನ್ನಡಕ ಒರೆಸಿಕೊಂಡು, ಪಕ್ಕದಲ್ಲಿದ್ದ ಪೇಪರಿನ ಅಂಚನ್ನು ಉದ್ದಕ್ಕೆ ಹರಿದ.

"ಹಂಗಾದ್ರ ಮುಚ್ಚು ಅದನ್ನ," ಎಂದ. "ಇನ್ನೊಮ್ಮೆ ನೋಡೂಣು."